ಕದಿರೆ ರೆಮ್ಮವ್ವೆಯ ರಾಟಿ

ಐರಣಿಯ ಸೀಮೆಯ ವಾಚಕರಿಗೆ ಕಂಬಳಿಯ ಕಸುಬನ್ನು ವಿವರಿಸಿ ಹೇಳಬೇಕಾದುದಿಲ್ಲ. ಉಣ್ಣೆಯನ್ನು ಹಿಂಜಿ ನೂಲುವದು ರೂಢಿಯಿಂದ ಹೆಂಗಸರ ಪಾಲು; ಹುಣಸೆಬೀಜದ ಗಂಜಿಯನ್ನುಂಡ ಹಾಸನ್ನು ಮಗ್ಗಕ್ಕೇರಿಸಿ ನೇಯುವದು ಗಂಡಸರ ಪಾಲು. ಕಂಬಳಿಯು ನೇಕಾರನ ಹೆಸರಿನಿಂದ ಸಂತೆಗೆ ಹೋಗುವದು. ನೂತವಳು ಯಾರೆಂದು ಕೇಳುವವರಿಲ್ಲ. ಇದೇ ಪಂಕ್ತಿಭೇದವು ನಮ್ಮ ವಚನವಿಮರ್ಶೆಯಲ್ಲಿಯೂ ನುಸುಳಿಕೊಂಡಿದೆಯೆಂಬದು ನಮ್ಮ ಅಭಿಪ್ರಾಯವು.

ಇದೇ ರಾಣೆಬೆನ್ನೂರ ತಾಲೂಕಿನ ಚೌಡದಾನಪುರದೊಡನೆ ಹೆಸರು ಕೂಡಿಬಂದಿರುವ ಅಂಬಿಗರ ಚೌಡಯ್ಯನನ್ನು ಓದುವಾಗ ಅವನ ಹುಟ್ಟು, ಹರಿಗೋಲುಗಳನ್ನು ನಾವು ಮೊದಲು ತುಂಗಭದ್ರೆಯ ನೀರಿನಲ್ಲಿಯೇ ಕಾಣುತ್ತೇವೆ, ತತ್ವಾರ್ಥವು ಆಮೇಲಿನದು. ಅದೇ 12ನೆಯ ಶತಮಾನದ ಕದಿರೆ ರೆಮ್ಮವ್ವೆಯು ರಾಟಿಯ ಮಾತನ್ನೆತ್ತಿದೊಡನೆಯೇ, ರಾಟಿಯೆಂದರೆ ಶರೀರವು, ನೂಲೆಂದರೆ ಭಕ್ತಿಯು ಎಂದು ಬಿಡಿಸಿಟ್ಟು, ರಾಟಿಯನ್ನು ಮೂಲೆಗೆ ತಳ್ಳಿಬಿಡುತ್ತೇವೆ! ಗಂಡಸಿನ ಕಸುಬು ಕಸುಬು, ಹೆಂಗಸಿನದು ಬರಿಯ ರೂಪಕವೇ?

ಆ ವಚನವನ್ನು ನಿಧಾನವಾಗಿ ನೋಡಬೇಕು. ಅಡಿಯ ಹಲಗೆ, ತೋರಣ, ನಿಂತ ಬೊಂಬೆ ಇವುಗಳಿಗೆ ಅವಳು ಬ್ರಹ್ಮ, ವಿಷ್ಣು, ರುದ್ರರನ್ನು ಹೋಲಿಸುವಳು. ದಿನವೂ ಅದರ ಮುಂದೆ ಕುಳಿತವಳಿಗಲ್ಲದೆ ಈ ಅಂಗಾಂಗಗಳ ಕ್ರಮವು ತೋಚಲಾರದು. ಕೊನೆಗೆ ಕದಿರು ತುಂಬುವದು. ತುಂಬಿದ ಕದಿರಿನಿಂದ ನೂಲನ್ನು ಇಳಿಸದೆ ಮುಂದೆ ನೂಲಲು ಬಾರದೆಂಬದು ಅನುಭವದ ಮಾತು. ಅಲ್ಲಿಯೇ ಅವಳು, ಇನ್ನು ತಿರುವಲಾರೆ, ಗಂಡನು ಹೊಡೆದಾನು, ಏನು ಮಾಡಲಿ ಎಂದು ತನ್ನ ದೇವರಿಗೆ ಮೊರೆಯಿಡುವಳು.

ಈ ಗಂಡನು ಲೌಕಿಕನಲ್ಲ, ಲಿಂಗಪತಿಯೆಂದು ಕೆಲವರು ಹೇಳಬಹುದು. ಬೇರೊಂದು ವಚನದಲ್ಲಿ ಲೋಕದ ಗಂಡಂದಿರಿಂದ ತನ್ನ ಗಂಡನನ್ನು ಅವಳೇ ಬೇರ್ಪಡಿಸಿರುವದರಿಂದ ಆ ಮಾತಿಗೆ ಆಧಾರವಿಲ್ಲದಿಲ್ಲ. ಆದರೂ ಹೊಡೆತದ ಅಂಜಿಕೆಯೆಂಬ ಉಪಮಾನವು ಎಲ್ಲಿಂದ ಬಂದಿತು? ದುಡಿಮೆ ನಿಂತರೆ ಪೆಟ್ಟು ಬೀಳುವ ಮನೆಯನ್ನು ಬಲ್ಲವರಿಗೇ ಆ ಉಪಮಾನವು ತಿಳಿದೀತು. ಚೌಡಯ್ಯನ ವಚನಗಳಲ್ಲಿ ಬೈಗಳು ಹೇರಳ. ಈ ಅಂಜಿಕೆಯು ಕಾಣದು.

ಅಂಕಿತವನ್ನೂ ಗಮನಿಸಬೇಕು. ಅಕ್ಕಿಯನ್ನು ಅಳತೆ ಮೀರಿ ತಂದ ಗಂಡನನ್ನು ಹಿಂದಿರುಗಿಸಿ ಕಳುಹಿದ ಗಟ್ಟಿಗಿತ್ತಿ ಆಯ್ದಕ್ಕಿ ಲಕ್ಕಮ್ಮ. ಕಾಯಕದ ಲೆಕ್ಕದಲ್ಲಿ ಅವಳೇ ಯಜಮಾನಿ. ಆದರೂ ಅವಳ ಅಂಕಿತದಲ್ಲಿ ಮಾರಯ್ಯನ ಹೆಸರೇ ಇದೆ. ರೆಮ್ಮವ್ವೆಯಾದರೋ ‘ಕದಿರೆ ರೆಮ್ಮಿಯೊಡೆಯ ಗುಮ್ಮೇಶ್ವರ’ ಎನ್ನುವಳು. ಅಲ್ಲಿ ಗಂಡನಿಲ್ಲ, ಅವಳ ಉಪಕರಣವಿದೆ, ಅವಳ ಹೆಸರಿದೆ, ದೇವರು ಅವೆರಡರ ಬೆನ್ನಿಗೆ ಬರುವನು.