ಐದು ಲಕ್ಷದ ಕಾರ್ಡು, ಎರಡು ಬೆರಳು

ನಮ್ಮ ದೊಡ್ಡಪ್ಪನ ಬಲಗಾಲಿನಲ್ಲಿ ಈಗ ಎರಡು ಬೆರಳಿಲ್ಲ. ತೆಗೆದ ಆಪರೇಷನ್ನಿಗೆ ಅವರು ಒಂದು ರೂಪಾಯಿ ಕೊಡಲಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿತ್ತು, ಆಯ್ತು. ಊರಲ್ಲಿ ಎಲ್ಲರೂ ‘ಪರ್ವಾಗಿಲ್ಲ ಕಣಯ್ಯ, ಕಾರ್ಡು ಕೆಲಸಕ್ಕೆ ಬಂತು’ ಅಂದರು. ದೊಡ್ಡಪ್ಪನೂ ಹಾಗೇ ಅಂದರು. ನನಗೆ ಮಾತ್ರ ಅದನ್ನು ಹಾಗೇ ನುಂಗೋಕೆ ಆಗಲಿಲ್ಲ.

ದೊಡ್ಡಪ್ಪನಿಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಪಿಎಚ್‌ಸಿಯಲ್ಲಿ ಮೆಟ್‌ಫಾರ್ಮಿನ್ ಮಾತ್ರೆ ಪುಕ್ಕಟೆ ಸಿಗುತ್ತೆ, ಸ್ಟಾಕ್ ಇದ್ದಾಗ. ಸ್ಟಾಕ್ ಇಲ್ಲದಿದ್ದರೆ ‘ಮುಂದಿನ ವಾರ ಬನ್ನಿ’. ಮುಂದಿನ ವಾರ ಕಾಯಿ ಕೀಳಿಸೋ ಕೆಲಸ ಇರುತ್ತೆ, ಇವರು ಹೋಗಲ್ಲ. ಮೆಡಿಕಲ್ ಸ್ಟೋರಿನಲ್ಲಿ ತಗೊಳಿ ಅಂದರೆ ‘ಹುಷಾರಾಗೇ ಇದೀನಲ್ಲೋ’ ಅಂತಾರೆ. ತೋಟದಲ್ಲಿ ಬರಿಗಾಲು. ಯಾವಾಗಲೋ ಮುಳ್ಳು ಚುಚ್ಚಿದೆ, ಸಕ್ಕರೆಯಿಂದ ಕಾಲಿನ ಸ್ಪರ್ಶಜ್ಞಾನ ಮೊದಲೇ ಹೋಗಿತ್ತು, ನೋವು ಗೊತ್ತಾಗಿಲ್ಲ. ನಾಲ್ಕು ತಿಂಗಳು ಅರಿಶಿನ ಹಚ್ಚಿಕೊಂಡು ಓಡಾಡಿದ್ದಾರೆ. ಈ ನಾಲ್ಕು ತಿಂಗಳಲ್ಲಿ ಎರಡು ಸಲ ಮಾತ್ರೆ ತರೋಕೆ ಹೋಗಿದ್ದರು. ಚಪ್ಪಲಿ ಬಿಚ್ಚಿ, ಕಾಲು ತೋರಿಸಿ ಅಂತ ಒಬ್ಬರೂ ಕೇಳಲಿಲ್ಲ.

ಬೆರಳು ಕಪ್ಪಾದ ಮೇಲೆ ಇಡೀ ವ್ಯವಸ್ಥೆ ಎದ್ದು ಕೂತಿತು. ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಜಿಲ್ಲಾಸ್ಪತ್ರೆ, ಅಲ್ಲಿಂದ ರೆಫರಲ್ ಚೀಟಿ ಹಿಡಿದು ಒಂದು ಖಾಸಗಿ ಆಸ್ಪತ್ರೆ. ಮೂರು ದಿನ. ಕೌಂಟರಿನಲ್ಲಿ ಮೊದಲ ಪ್ರಶ್ನೆ, ‘ಸ್ಕೀಮಾ, ಕ್ಯಾಷಾ?’ ಸ್ಕೀಮು ಅಂದೆ. ಮುಖದ ಮೇಲಿನ ನಗು ಹೋಯ್ತು, ಆದರೆ ಕೆಲಸ ನಿಲ್ಲಲಿಲ್ಲ, ಅದನ್ನೂ ಹೇಳಬೇಕು. ಅಡ್ಮಿಟ್ ಆಗೋಕೆ ಮುಂಚಿನ ರಕ್ತಪರೀಕ್ಷೆ, ಡಾಪ್ಲರ್ ಸ್ಕ್ಯಾನು, ಮೂರು ದಿನದ ಕಾರು ಬಾಡಿಗೆ ನಾವು ಕೊಟ್ಟೆವು. ಅದಾದ ಮೇಲಿನದೆಲ್ಲ ಸರ್ಕಾರದ್ದು.

ಈ ಯೋಜನೆಗಳನ್ನು ಬೈಯೋದು ಸುಲಭ. ನಾನು ಹಾಗೆ ಮಾಡೋಕೆ ಹೊರಟಿಲ್ಲ. 2003ರಲ್ಲಿ ಯಶಸ್ವಿನಿ ಶುರುವಾದಾಗ ಸಹಕಾರ ಸಂಘದ ಸದಸ್ಯನಾದ ರೈತ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಸಾಕಿತ್ತು, ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆಗುತ್ತಿತ್ತು. ನಾನಾಗ ಹೈಸ್ಕೂಲು. ಹಾರ್ಟ್ ಆಪರೇಷನ್ನಿಗೆ ಹೊಲ ಮಾರಿದ ಮನೆಗಳು ನಮ್ಮೂರಲ್ಲೇ ಇದ್ದವು, ಹಾಗಾಗಿ ಅದು ಎಂಥ ಸುದ್ದಿ ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ದೇವಿ ಶೆಟ್ಟರ ತಲೆಯಿಂದ ಬಂದ ಲೆಕ್ಕ ಅದು: ಸಾವಿರಾರು ಜನ ಐದೈದು ರೂಪಾಯಿ ಹಾಕಿದರೆ ಒಬ್ಬನ ಎದೆ ಕೊಯ್ದು ಸರಿಮಾಡಬಹುದು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು, ಮೊದಲು ಉತ್ತರ ಕರ್ನಾಟಕದಲ್ಲಿ, ಬಿಪಿಎಲ್ ಕುಟುಂಬಗಳಿಗೆ. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ನರ, ಸುಟ್ಟಗಾಯ, ಇಂಥ ದೊಡ್ಡ ಕಾಯಿಲೆಗಳಿಗೆ ಒಂದೂವರೆ ಲಕ್ಷದ ತನಕ. ಯೋಜನೆ ಹಂತಹಂತವಾಗಿ ಬಂದದ್ದರಿಂದ ಸಂಶೋಧಕರಿಗೆ ಒಂದು ಅನುಕೂಲವಾಯ್ತು. ಯೋಜನೆ ಇದ್ದ ಜಿಲ್ಲೆಯ ಗಡಿಯ ಈಚೆಗಿನ ಹಳ್ಳಿ, ಇಲ್ಲದ ಜಿಲ್ಲೆಯ ಆಚೆಗಿನ ಹಳ್ಳಿ, ಹೀಗೆ 500ಕ್ಕೂ ಹೆಚ್ಚು ಹಳ್ಳಿಗಳನ್ನು ಹೋಲಿಸಿದರು. ಯೋಜನೆ ವ್ಯಾಪ್ತಿಯ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆಗುತ್ತಿದ್ದ ಸಾವು ಯೋಜನೆ ಇಲ್ಲದ ಕಡೆ 0.90 ಶೇಕಡಾ, ಇದ್ದ ಕಡೆ 0.32 ಇತ್ತು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಲೇಖನ. ಇದು ಸಣ್ಣ ಮಾತಲ್ಲ. ಸರ್ಕಾರಿ ಯೋಜನೆ ಅಂದರೆ ಬರೀ ಫ್ಲೆಕ್ಸು ಅನ್ನೋ ನನ್ನ ಆಫೀಸಿನ ಗೆಳೆಯರಿಗೆ ನಾನು ಮೊದಲು ತೋರಿಸೋದೇ ಇದನ್ನ.

ನನ್ನ ತಕರಾರು ಬೇರೆ. 2003ರಲ್ಲಿ ಆಪರೇಷನ್ ಥಿಯೇಟರಿನ ಬಾಗಿಲಿಂದ ಶುರುಮಾಡಿದ್ದು ಸರಿ. 2010ರಲ್ಲೂ ಸರಿ ಅನ್ನೋಣ. ಆದರೆ 2018ರಲ್ಲಿ ಎಲ್ಲ ಹಳೇ ಯೋಜನೆಗಳನ್ನು ಒಟ್ಟಿಗೆ ಹೊಲಿದು ಆರೋಗ್ಯ ಕರ್ನಾಟಕ ಮಾಡಿ, ಆಮೇಲೆ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿಸಿ, ಮಿತಿಯನ್ನು 5 ಲಕ್ಷಕ್ಕೆ ಏರಿಸಿ, ಪಟ್ಟಿಯನ್ನು 1,650 ಚಿಕಿತ್ಸೆಗಳಿಗೆ ಬೆಳೆಸಿದಾಗಲೂ ಬಾಗಿಲು ಅದೇ. 2022–23ರಲ್ಲಿ ಯಶಸ್ವಿನಿಯನ್ನು ಮತ್ತೆ ಎಬ್ಬಿಸಿದರು, ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ಅದಕ್ಕೂ 5 ಲಕ್ಷ. ಎರಡು ಕಾರ್ಡು, ಒಂದೇ ಬಾಗಿಲು. ಬೆಡ್ಡಿನ ಮೇಲೆ ಮಲಗಿದರೆ ನೀವು ಫಲಾನುಭವಿ. ಮಲಗದ ಹಾಗೆ ನೋಡಿಕೊಳ್ಳಿ ಅಂತ ಬಂದರೆ ನೀವು ಓಪಿಡಿ ಚೀಟಿ.

ಬೆರಳು ಕತ್ತರಿಸೋದಕ್ಕೆ ಪ್ಯಾಕೇಜ್ ಕೋಡ್ ಇದೆ, ದರ ಇದೆ, ಮುಂಚಿನ ಫೋಟೊ ನಂತರದ ಫೋಟೊ ಅಪ್‌ಲೋಡ್ ಇದೆ. ವರ್ಷಕ್ಕೊಂದು ಸಲ ಶುಗರ್ ಇರೋರ ಕಾಲಿನ ಅಡಿ ನೋಡೋದಕ್ಕೆ ಕೋಡ್ ಇಲ್ಲ. ನೋಡೋಕೆ ಬೇಕಾಗಿರೋದು ಒಂದು ಸ್ಟೂಲು, ಐದು ನಿಮಿಷ. ನಮ್ಮ ಆಫೀಸಿನಲ್ಲೂ ಇದೇ ಕಥೆ. ರಾತ್ರಿ ಎರಡು ಗಂಟೆಗೆ ಬಿದ್ದ ಸರ್ವರನ್ನು ಎಬ್ಬಿಸಿದವನಿಗೆ ಎಲ್ಲರ ಎದುರು ಚಪ್ಪಾಳೆ. ವರ್ಷಪೂರ್ತಿ ಬೀಳದ ಹಾಗೆ ನೋಡಿಕೊಂಡವನಿಗೆ ಅಪ್ರೈಸಲ್‌ನಲ್ಲಿ ‘ಮೀಟ್ಸ್ ಎಕ್ಸ್‌ಪೆಕ್ಟೇಷನ್ಸ್’. ಯಾಕಂದ್ರೆ ಬೀಳದೇ ಇದ್ದದ್ದನ್ನು ಡ್ಯಾಶ್‌ಬೋರ್ಡಿನಲ್ಲಿ ತೋರಿಸೋಕೆ ಆಗಲ್ಲ. ಇಷ್ಟು ಲಕ್ಷ ಆಪರೇಷನ್ ಮಾಡಿಸಿದೆವು ಅಂತ ಮಂತ್ರಿಗಳು ಹೇಳಬಹುದು, ಇಷ್ಟು ಬೆರಳು ಉಳಿಸಿದೆವು ಅಂತ ಹೇಗೆ ಹೇಳ್ತಾರೆ?

ಜನ ಕೈಯಿಂದ ಹಾಕೋ ಖರ್ಚು ಕಡಿಮೆ ಆಗಿದೆ ಅನ್ನೋದೂ ನಿಜ. ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಅದು 2013–14ರಲ್ಲಿ ಶೇ 64.2 ಇತ್ತು, 2021–22ಕ್ಕೆ ಶೇ 39.4. ಆದರೆ ಉಳಿದಿರೋದರಲ್ಲಿ ದೊಡ್ಡ ಪಾಲು ಔಷಧಿ ಅಂಗಡಿಗೆ ಮತ್ತು ಓಪಿಡಿಗೆ ಹೋಗೋದು. ಅಂದರೆ ಕಾರ್ಡು ತಲುಪದ ಜಾಗಕ್ಕೆ.

ಇನ್ನು ಈ ಕಾರ್ಡು ಯಾರಿಗೆ ಅನ್ನೋ ವಿಷಯ. ಇಲ್ಲಿ ನಾನೇ ಸಿಕ್ಕಿಹಾಕಿಕೊಂಡಿದ್ದೇನೆ. ದೊಡ್ಡಪ್ಪನ ಮನೆಗೂ ನಮ್ಮ ಮನೆಗೂ ನಡುವೆ ಒಂದು ಗೋಡೆ. ಅವರದು ಬಿಪಿಎಲ್, ಪೂರ್ತಿ 5 ಲಕ್ಷ. ನಮ್ಮ ರೇಷನ್ ಕಾರ್ಡಿನಲ್ಲಿ ನನ್ನ ಹೆಸರೂ ಇತ್ತು, ನಾನು ಇನ್‌ಕಮ್ ಟ್ಯಾಕ್ಸ್ ಕಟ್ಟುತ್ತೇನೆ, ಹಾಗಾಗಿ ನಮ್ಮದು ಎಪಿಎಲ್. ಎಪಿಎಲ್ ಅಂದರೆ ಪ್ಯಾಕೇಜ್ ದರದ ಶೇ 30 ಮಾತ್ರ ಸರ್ಕಾರ ಕೊಡುತ್ತೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ನನಗೆ ಅಕ್ಕಿ ಬೇಡ, ಆ ಬಗ್ಗೆ ದೂರಿಲ್ಲ. ಅಪ್ಪ ಅಮ್ಮನ ಹೆಸರು ನನ್ನ ಕಂಪನಿಯ ಇನ್ಶೂರೆನ್ಸಿನಲ್ಲಿದೆ, ನನ್ನ ಕೆಲಸ ಇರೋ ತನಕ. ಒಂದು ಶುಕ್ರವಾರ ಹೆಚ್‌ಆರ್ ಮೀಟಿಂಗ್ ಕರೆದರೆ ಶನಿವಾರದಿಂದ ಅಪ್ಪನ ಎದೆ ಶೇ 30ರ ಲೆಕ್ಕಕ್ಕೆ ಬರುತ್ತೆ. ಆದರೆ ನಮ್ಮ ಕಥೆ ಬಿಡಿ, ನಾನು ಸಾಲ ಮಾಡಿಯಾದರೂ ನಿಭಾಯಿಸುತ್ತೇನೆ. 2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡು ರದ್ದಾದ ಗಲಾಟೆ ಆಯ್ತಲ್ಲ, ಆಮೇಲೆ ಟ್ಯಾಕ್ಸ್ ಕಟ್ಟೋರು, ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರದು ವಾಪಸ್ ಕೊಡ್ತೀವಿ ಅಂದರು. ಟಿವಿಯಲ್ಲಿ ಎಲ್ಲರೂ ಅಕ್ಕಿ ಬಗ್ಗೆಯೇ ಮಾತಾಡಿದರು. ಆ ವಾರ ಡಯಾಲಿಸಿಸ್‌ಗೆ ಹೋಗಬೇಕಾಗಿದ್ದವನ ಕಥೆ ಏನು? ಅಕ್ಕಿಗೆ ಅಂತ ಮಾಡಿದ ಪಟ್ಟಿಯನ್ನು ಆಸ್ಪತ್ರೆಗೂ ಬಳಸಿದರೆ ಅಲ್ಲೊಂದು ಟಿಕ್ ತೆಗೆದರೆ ಇಲ್ಲಿ ಬಾಗಿಲು ಮುಚ್ಚುತ್ತೆ. ಇಂಥ ಕೋಡ್ ಬರೆದರೆ ನಮ್ಮ ಲೀಡ್ ಎಲ್ಲರೆದುರು ಮಾನ ಕಳೀತಾರೆ. ಕೇಂದ್ರದ ಪಟ್ಟಿಯಾದರೂ ಚೆನ್ನಾಗಿದೆಯಾ ಅಂದರೆ, ಅದು ನಿಂತಿರೋದು 2011ರ ಸಾಮಾಜಿಕ–ಆರ್ಥಿಕ ಗಣತಿಯ ಮೇಲೆ.

ಡೇಟಾ ವಿಷಯ ಬಂದದ್ದಕ್ಕೆ ಇದೊಂದು ಹೇಳಿಬಿಡುತ್ತೇನೆ. 2023ರ ಸಿಎಜಿ ವರದಿಯಲ್ಲಿ, ದೇಶದ 7,49,820 ಆಯುಷ್ಮಾನ್ ಫಲಾನುಭವಿಗಳ ಮೊಬೈಲ್ ನಂಬರು ಒಂದೇ ಅಂತ ಬಂತು: 9999999999. ಎಲ್ಲರೂ ನಕ್ಕರು. ನಾನು ಮಾತ್ರ ಆ ಆಪರೇಟರ್ ಹುಡುಗನನ್ನು ಬೈಯಲಾರೆ. ಕರೆಂಟು ಹೋಗೋಕೆ ಮುಂಚೆ ಫಾರಂ ಮುಗಿಸಬೇಕು, ಹೊರಗೆ ಕ್ಯೂ ಇದೆ, ಅಜ್ಜಿಗೆ ಫೋನಿಲ್ಲ. ಟೆಸ್ಟ್ ಡೇಟಾಗೆ ನಾನೂ ಅದೇ ಒಂಬತ್ತು ಒತ್ತಿದವನೇ. ಮೊಬೈಲ್ ನಂಬರಿಗೂ ಫಲಾನುಭವಿಯ ಪರಿಶೀಲನೆಗೂ ಸಂಬಂಧವಿಲ್ಲ ಅಂತ ಸರ್ಕಾರ ಉತ್ತರ ಕೊಟ್ಟಿತು. ಇರಬಹುದು. ಆದರೆ ನಾಳೆ ಯಾರಾದರೂ ‘ಅಜ್ಜಿ, ನಿಮ್ಮ ಹೆಸರಲ್ಲಿ ಇಂಥ ಆಪರೇಷನ್ ಆಗಿದೆ, ಹೌದಾ?’ ಅಂತ ಕೇಳಬೇಕಾದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಅದೇ ವರದಿಯಲ್ಲಿ, ಸತ್ತಿದ್ದಾರೆ ಅಂತ ದಾಖಲಾದವರ ಹೆಸರಿನಲ್ಲೂ ಮತ್ತೆ ಚಿಕಿತ್ಸೆಯ ಹಣ ಪಾವತಿಯಾದ ಪ್ರಕರಣಗಳಿದ್ದವು.

ಸರ್ಕಾರಕ್ಕೆ ಬೇರೆ ದಾರಿ ಗೊತ್ತಿಲ್ಲ ಅಂತಲ್ಲ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆ ನೋಡಿ. ಎದೆನೋವು ಅಂತ ತಾಲ್ಲೂಕು ಆಸ್ಪತ್ರೆಗೆ ಹೋದರೆ ಅಲ್ಲೇ ಇಸಿಜಿ, ಜಯದೇವದಂಥ ದೊಡ್ಡ ಆಸ್ಪತ್ರೆಯ ವೈದ್ಯರಿಂದ ಸಲಹೆ, ರಕ್ತ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ. ಕಾರ್ಡು ಕೇಳಿ ಕೂರಿಸಲ್ಲ. ದುಡ್ಡು ರೋಗಿಯ ಹಿಂದೆ ಖಾಸಗಿ ಆಸ್ಪತ್ರೆಗೆ ಓಡೋ ಬದಲು ತಾಲ್ಲೂಕಿನಲ್ಲೇ ಕೂತಿದೆ. ಇನ್ನೊಂದು ಗೃಹ ಆರೋಗ್ಯ, 2024ರ ಅಕ್ಟೋಬರಿನಲ್ಲಿ ಕೋಲಾರದಿಂದ ಶುರುವಾಗಿ ಆಮೇಲೆ ರಾಜ್ಯಕ್ಕೆ ಹರಡಿದ್ದು. ಮೂವತ್ತು ದಾಟಿದವರ ಮನೆಗೇ ಹೋಗಿ ಬಿಪಿ, ಶುಗರ್ ನೋಡಿ ಮಾತ್ರೆ ಕೊಡೋದು. ದೊಡ್ಡಪ್ಪನಿಗೆ ಬೇಕಾಗಿದ್ದು ಇದೇ.

ಆದರೆ ಮನೆಗೆ ಹೋಗೋರು ಯಾರು? ಮುಖ್ಯವಾಗಿ ಆಶಾ ಕಾರ್ಯಕರ್ತೆಯರು. ಅವರು ನೌಕರರಲ್ಲ, ಸರ್ಕಾರದ ಭಾಷೆಯಲ್ಲಿ ಸ್ವಯಂಸೇವಕಿಯರು, ಸಿಗೋದು ಗೌರವಧನ. 2025ರ ಜನವರಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ದಿನಗಟ್ಟಲೆ ಕೂತು ತಿಂಗಳಿಗೆ 15 ಸಾವಿರ ಕೇಳಿದರು, 10 ಸಾವಿರದ ಭರವಸೆ ತಗೊಂಡು ಊರಿಗೆ ಹೋದರು. ಖಾಸಗಿ ಆಸ್ಪತ್ರೆಗಳು ದರ ಸಾಲದು ಅಂದರೆ ಮೇಜಿನ ಸುತ್ತ ಮಾತುಕತೆ. ಇವರಿಗೆ ಟಾರ್ಪಾಲು.

ಈಗ ನಮ್ಮೂರ ಆಶಾ ಅಕ್ಕ ತಿಂಗಳಿಗೊಂದು ಸಲ ದೊಡ್ಡಪ್ಪನ ಮನೆಗೆ ಬರ್ತಾರೆ. ಕಳೆದ ಸಲ ನಾನೂ ಅಲ್ಲೇ ಇದ್ದೆ. ಫಾರಂ ತುಂಬಿ ಮುಗಿದ ಮೇಲೆ ‘ಎಲ್ಲಿ, ಆ ಎಡಗಾಲು ಇತ್ತ ಕೊಡಿ ಯಜಮಾನ್ರೆ’ ಅಂತ ಜಗಲಿ ಮೇಲೆ ಕೂತು, ಬೆರಳಿನ ಸಂದಿ ಬಿಡಿಸಿ, ಮೊಬೈಲ್ ಟಾರ್ಚ್ ಬಿಟ್ಟು ನೋಡಿದರು. ಇದೂ ಫಾರಂನಲ್ಲಿ ಇದೆಯಾ ಅಕ್ಕಾ ಅಂತ ಕೇಳಿದೆ. ‘ಇಲ್ಲಪ್ಪ, ಇವರದು ಒಂದ್ಸಲ ಆಗಿದೆಯಲ್ಲ, ಅದಕ್ಕೆ’ ಅಂದು, ಮುಂದಿನ ಮನೆಗೆ ಹೋದರು.