ತರ್ಕಪರೀಕ್ಷೆಗಳಲ್ಲಿ ಅಡಗಿದ ಗೃಹೀತ: ಒಂದು ವಿಮರ್ಶೆ

ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆಗೆ 2011ರಲ್ಲಿ ತರ್ಕಸಾಮರ್ಥ್ಯದ ಪತ್ರಿಕೆಯು ಸೇರಿದಂದಿನಿಂದ, ವಾದವೊಂದರಲ್ಲಿ ಅಡಗಿದ ಗೃಹೀತವನ್ನು ಗುರುತಿಸುವ ಪ್ರಶ್ನೆಗಳಿಗೆ ನಮ್ಮ ವಿದ್ಯಾರ್ಥಿಗಳು ಹೆಚ್ಚು ಗಮನ ಕೊಡುತ್ತಿದ್ದಾರೆ. ಅವರು ಎಡವುವುದೆಲ್ಲಿ? ವಾದಕ್ಕೆ ಬಲಕೊಡುವ ಯಾವ ಮಾತನ್ನಾದರೂ ಗೃಹೀತವೆಂದು ಭಾವಿಸುವುದರಲ್ಲಿ. ಯಾವುದನ್ನು ನಿರಾಕರಿಸಿದರೆ ವಾದವೇ ಕುಸಿಯುವುದೋ ಅದು ಮಾತ್ರ ಗೃಹೀತ.

ನಮ್ಮ ಶಾಸ್ತ್ರದಿಂದಲೇ ಒಂದು ನಿದರ್ಶನವನ್ನು ಕೊಡಬಹುದು. 1915ರಲ್ಲಿ ದೊರೆತ ರಾಯಚೂರು ಜಿಲ್ಲೆಯ ಮಸ್ಕಿ ಶಾಸನದಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿನೊಡನೆ ಅಶೋಕನ ಹೆಸರಿದೆ. ಅದುವರೆಗೆ ತಿಳಿದಿದ್ದ ಧರ್ಮಶಾಸನಗಳಲ್ಲಿ ಬಿರುದು ಉಂಟು, ಆ ಹೆಸರಿಲ್ಲ. ಆದುದರಿಂದ ಅವೂ ಅಶೋಕನವೇ ಎಂಬುದು ವಾದ. ಇದರ ಗೃಹೀತವೇನೆಂದು ಕೇಳಿದರೆ, "ಆ ಬಿರುದು ಅಶೋಕನೊಬ್ಬನಿಗೇ ಇದ್ದಿತು" ಎಂಬ ಉತ್ತರ ಬರುತ್ತದೆ. (ಈ ಉತ್ತರಕ್ಕೆ ನಾವೂ ಹಿಂದೆ ಪೂರ್ಣಾಂಕ ಕೊಟ್ಟಿದ್ದೇವೆ.) ಆದರೆ ಸಿಂಹಳದ ತಿಸ್ಸನಿಗೂ, ನಾಗಾರ್ಜುನಿ ಗುಹಾಶಾಸನಗಳಲ್ಲಿ ದಶರಥನಿಗೂ ಅದೇ ಬಿರುದಿದೆ. ಹಾಗಿದ್ದೂ ತೀರ್ಮಾನವು ಬಿದ್ದುಹೋಗಲಿಲ್ಲ. ವಾದಕ್ಕೆ ಬೇಕಾಗಿದ್ದುದು, ಮಸ್ಕಿಯ ದೇವಾನಾಂಪ್ರಿಯನೂ ಉಳಿದ ಶಾಸನಗಳ ದೇವಾನಾಂಪ್ರಿಯನೂ ಒಬ್ಬನೇ ಎಂಬಷ್ಟು ಮಾತ್ರ.

ಈ ಪ್ರಶ್ನೆಪ್ರಕಾರದ ಬಗೆಗೆ ನಮ್ಮ ಆಕ್ಷೇಪಣೆಯು ಇಲ್ಲಿಂದ ಮುಂದಿನದು. ಗೃಹೀತವನ್ನು ಹುಡುಕಿಸಿ ಅದು ಸುಮ್ಮನಾಗುತ್ತದೆ. ಅದು ದಿಟವೇ ಎಂದು ಕೇಳುವುದಿಲ್ಲ. ಬಿರುದಿನ ಸಾಮ್ಯವೊಂದೇ ಸಾಲದೆಂದು ಕಂಡಮೇಲೆ ಚರಿತ್ರಕಾರನು ಬೇರೆ ಆಧಾರಗಳನ್ನು ಅರಸಲೇಬೇಕು. ದೀಪವಂಶವು ಅಶೋಕನನ್ನು ಪಿಯದಸ್ಸಿ ಎಂದು ಕರೆದಿರುವುದೂ, ಮಧ್ಯಪ್ರದೇಶದ ಗುಜರ್ರಾ ಶಾಸನದಲ್ಲಿ ಪ್ರಿಯದರ್ಶಿ, ಅಶೋಕ ಎಂಬೆರಡು ಹೆಸರುಗಳೂ ಒಟ್ಟಿಗೆ ದೊರೆತಿರುವುದೂ ಅಂತಹ ಆಧಾರಗಳು. ಈ ಅರಸುವಿಕೆಗೆ ನಾಲ್ಕು ಆಯ್ಕೆಗಳ ಉತ್ತರಪತ್ರಿಕೆಯಲ್ಲಿ ಎಡೆಯಿಲ್ಲ. ನಮ್ಮ ತರಗತಿಗಳಲ್ಲಿ ಇದೆ.