ಈ ಪುಸ್ತಕ ಯಾರಿಗೆ? ಬೇಸಿಗೆ ಗ್ರಂಥಾಲಯದ ಮಕ್ಕಳ ಚೀಟಿಗಳನ್ನು ಓದುತ್ತಾ

ಪುಸ್ತಕವೊಂದನ್ನು ಓದಿ ಮುಗಿಸಿದ ಮಗುವಿಗೆ ನಾವು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಮೂರೇ: ಬರೆದವರು ಯಾರು, ಸಾರಾಂಶ ಏನು, ಇದರಿಂದ ಕಲಿತ ನೀತಿ ಏನು. ಮೂರಕ್ಕೂ ಉತ್ತರ ಬರೆಯಲು ಪುಸ್ತಕ ಓದಲೇಬೇಕೆಂದಿಲ್ಲ, ಬೆನ್ನುಡಿ ಸಾಕು. ಬೇಸಿಗೆ ರಜೆಯಲ್ಲಿ ನಡೆಯುವ ಓದಿನ ಶಿಬಿರಗಳಲ್ಲೂ ಇದೇ ಮೂರು ಪ್ರಶ್ನೆಗಳ ಹಾಳೆ ಹಂಚುವುದನ್ನು ನೋಡಿದ್ದೇನೆ. ಹೆಚ್ಚು ಹಾಳೆ ತುಂಬಿಸಿದವರಿಗೆ ಕೊನೆಯ ದಿನ ಬಹುಮಾನ. ಅಪರೂಪಕ್ಕೆ ಕೆಲವು ಕಡೆ ನಾಲ್ಕನೆಯದೊಂದು ಪ್ರಶ್ನೆ ಕೇಳುತ್ತಾರೆ: ಈ ಪುಸ್ತಕವನ್ನು ನೀನು ಯಾರಿಗೆ ಕೊಡುತ್ತೀಯ? ಇದಕ್ಕೆ ಹದಿಮೂರು ಹದಿನಾಲ್ಕು ವರ್ಷದ ಮಕ್ಕಳು ಬರೆಯುವ ಉತ್ತರಗಳನ್ನು ವಿಮರ್ಶೆಯೆಂದೇ ಓದಬೇಕು, ಮತ್ತು ನಮ್ಮ ದೊಡ್ಡವರ ವಿಮರ್ಶೆ ಕಳೆದುಕೊಂಡಿರುವ ಒಂದು ಗುಣ ಅವುಗಳಲ್ಲಿ ಉಳಿದಿದೆ ಎಂಬುದು ನನ್ನ ವಾದ.

ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. ಮರುವರ್ಷ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, 'ಓದುವ ಬೆಳಕು' ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ 'ಅರಿವು ಕೇಂದ್ರ' ಎಂದು ಕರೆಸಿಕೊಳ್ಳುವ ಈ ಗ್ರಂಥಾಲಯಗಳು ರಾಜ್ಯದಲ್ಲಿ 5,000ಕ್ಕೂ ಹೆಚ್ಚಿವೆ. ಒಂದು ಕಾಲಕ್ಕೆ ನಾಲ್ಕು ಜನ ಹಿರಿಯರು ಪೇಪರ್ ಓದಿ ಎದ್ದುಹೋಗುವ ಕೋಣೆಯಾಗಿದ್ದ ಜಾಗದಲ್ಲಿ ಬೇಸಿಗೆ ಬಂತೆಂದರೆ ಮಕ್ಕಳ ಗದ್ದಲ. ಹೋದ ವರ್ಷ ಅಂಥ ಒಂದು ಗ್ರಂಥಾಲಯದ ಶಿಬಿರಕ್ಕೆ ನಾನು ನಾಲ್ಕು ವಾರ ಹೋಗಿಬಂದೆ. ಅಲ್ಲಿನ ಮೇಲ್ವಿಚಾರಕಿ ಗೋಡೆಯುದ್ದಕ್ಕೂ ಒಂದು ದಾರ ಕಟ್ಟಿ, ಮಕ್ಕಳು ಬರೆದ ಚೀಟಿಗಳನ್ನು ಬಟ್ಟೆ ಕ್ಲಿಪ್ಪಿನಲ್ಲಿ ತೂಗುಹಾಕಿಸಿದ್ದರು. ಪ್ರಶ್ನೆ ಒಂದೇ, ಜಾಗ ಅಂಗೈಯಗಲ.

ಮೊದಲ ವಾರದ ಚೀಟಿಗಳಲ್ಲಿ ಮುಕ್ಕಾಲು ಪಾಲು ಒಂದೇ ಥರ ಇದ್ದವು. ಪುಸ್ತಕ ತುಂಬಾ ಚೆನ್ನಾಗಿದೆ, ಎಲ್ಲರೂ ಓದಲೇಬೇಕು ಎಂಬಷ್ಟೇ ಮಾತು. ಮಕ್ಕಳನ್ನು ಇದಕ್ಕಾಗಿ ದೂರುವಂತಿಲ್ಲ. ನಮ್ಮ ಪತ್ರಿಕೆಗಳ ಪುಸ್ತಕ ಪರಿಚಯಗಳು ಮುಗಿಯುವುದೂ ಹೀಗೆಯೇ. 'ಎಲ್ಲರೂ' ಎಂದು ಬರೆದವರ ಕಣ್ಣೆದುರು ಯಾರೂ ಇರುವುದಿಲ್ಲ. ಆಮೇಲೆ ಮೇಲ್ವಿಚಾರಕಿ ಒಂದು ನಿಯಮ ಮಾಡಿದರು: 'ಎಲ್ಲರಿಗೂ' ಎಂದು ಬರೆಯುವಂತಿಲ್ಲ, ಯಾವುದಾದರೂ ಒಂದು ಥರದ ಮನುಷ್ಯರನ್ನು ಹೇಳಬೇಕು. ಬರವಣಿಗೆ ಬದಲಾದದ್ದು ಅಲ್ಲಿಂದ.

ಒಂಬತ್ತನೆಯ ತರಗತಿಯ ಹುಡುಗನೊಬ್ಬ ತೇಜಸ್ವಿಯವರ 'ಕರ್ವಾಲೊ' ಬಗ್ಗೆ ಬರೆದ. ಹಾರುವ ಓತಿ ಸಿಗುತ್ತದೋ ಇಲ್ಲವೋ ಹೇಳುವುದಿಲ್ಲ, ಆದರೆ ಮನೆಯಲ್ಲಿ ದಿನಾ ಬೈಸಿಕೊಳ್ಳುವವರು ಯಾರಾದರೂ ಇದ್ದರೆ ಅವರಿಗೆ ಇದನ್ನು ಕೊಡಿ ಎಂಬುದು ಅವನ ಮಾತಿನ ಸಾರ. 1980ರಲ್ಲಿ ಬಂದ ಈ ಕಾದಂಬರಿಯ ಮೇಲೆ ಕನ್ನಡದಲ್ಲಿ ಬೇಕಾದಷ್ಟು ಬರೆಯಲಾಗಿದೆ. ವಿಜ್ಞಾನ ಮತ್ತು ವಿಸ್ಮಯ, ವಿಕಾಸವಾದ, ಪರಿಸರ, ಹುಡುಕಾಟದ ತಾತ್ವಿಕತೆ ಎಲ್ಲವೂ ಚರ್ಚೆಯಾಗಿವೆ. ಹುಡುಗ ಇವ್ಯಾವುದನ್ನೂ ಮುಟ್ಟಲಿಲ್ಲ. ಅವನು ಹಿಡಿದದ್ದು ಮಂದಣ್ಣನನ್ನು. ಊರವರ ಲೆಕ್ಕದಲ್ಲಿ ಯಾತಕ್ಕೂ ಬಾರದ ಒಬ್ಬ ಹುಡುಗನನ್ನು ದೊಡ್ಡ ವಿಜ್ಞಾನಿಯೊಬ್ಬರು ತಮ್ಮ ಸಮಾನನೆಂಬಂತೆ ಕಾಣುತ್ತಾರೆ, ಅವನಿಗೆ ಗೊತ್ತಿರುವುದು ತಮಗೆ ಗೊತ್ತಿಲ್ಲವೆಂದು ಅವನ ಹಿಂದೆ ಕಾಡಿಗೆ ಹೋಗುತ್ತಾರೆ. ಕಾದಂಬರಿಯ ನೈತಿಕ ಕೇಂದ್ರ ಇದೇ ಎಂದು ಒಂದು ಇಡೀ ಪ್ರಬಂಧ ಬರೆದು ವಾದಿಸಬಹುದು. ಬೈಸಿಕೊಳ್ಳುವವರಿಗೆ ಕೊಡಿ ಎನ್ನುವುದರಲ್ಲಿ ಆ ಪ್ರಬಂಧ ಆಗಲೇ ಇದೆ. 'ಯಾರಿಗೆ' ಎಂಬ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಬೇಕಾದರೆ ಪುಸ್ತಕ ಏನು ಹೇಳುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಲೇಬೇಕು. ವ್ಯಾಖ್ಯಾನ ಆ ದಾರಿಯಲ್ಲಿ ತಾನಾಗಿ ಬರುತ್ತದೆ.

ಇನ್ನೊಂದು ಚೀಟಿ 'ತೊತ್ತೋಚಾನ್' ಬಗ್ಗೆ. ಜಪಾನಿನ ತೆತ್ಸುಕೊ ಕುರೊಯಾನಗಿ ತಮ್ಮ ಶಾಲೆಯ ಬಗ್ಗೆ ಬರೆದ, 1981ರಲ್ಲಿ ಬಂದ ಈ ಪುಸ್ತಕವನ್ನು ನಮ್ಮಲ್ಲಿ ಮೇಷ್ಟರುಗಳು ಮೇಷ್ಟರುಗಳಿಗೆ ಕೊಡುತ್ತಾರೆ. ರೈಲು ಡಬ್ಬಿಯ ತರಗತಿಗಳು, ಮಗುವಿನ ಮಾತನ್ನು ತಾಳ್ಮೆಯಿಂದ ಕೇಳುವ ಮುಖ್ಯೋಪಾಧ್ಯಾಯರು ಎಂದೆಲ್ಲ ಶಿಕ್ಷಣ ಶಿಬಿರಗಳಲ್ಲಿ ಉದಾಹರಿಸುತ್ತಾರೆ. ಎಂಟನೆಯ ತರಗತಿಯ ಹುಡುಗಿ ಅದನ್ನು ಶಾಲೆ ಬದಲಾಯಿಸಿದವರಿಗೆ ಕೊಟ್ಟಳು. ಜೊತೆಗೊಂದು ಎಚ್ಚರಿಕೆಯನ್ನೂ ಸೇರಿಸಿದಳು: ಪೋಲಿಯೊ ಆದ ಗೆಳೆಯನನ್ನು ಮರ ಹತ್ತಿಸುವ ಅಧ್ಯಾಯ ನಿಮಗೆ ಇಷ್ಟವಾದರೆ ಮುಂದಿನದನ್ನು ರಾತ್ರಿ ಒಬ್ಬರೇ ಕೂತು ಓದಬೇಡಿ. ಆ ಹುಡುಗ ಸಾಯುತ್ತಾನೆಂದು ಆಕೆ ಬರೆಯಲಿಲ್ಲ. ಕತೆಯ ಗುಟ್ಟು ಬಿಡದೆ, ಅದರ ಪೆಟ್ಟು ಎಲ್ಲಿ ಬೀಳುತ್ತದೆಂದು ಮಾತ್ರ ತೋರಿಸಿದಳು. ಸಂತೋಷದ ಪುಸ್ತಕವೆಂದು ಹೆಸರಾದುದರ ಒಳಗೆ ಸಾವು ಇದೆ, ಅದನ್ನು ಓದುವ ಮಗುವಿಗೆ ಅದೇ ಮುಖ್ಯವಾಗಬಹುದು ಎಂಬುದು ಶಿಕ್ಷಣ ಶಿಬಿರಗಳಲ್ಲಿ ನಾನು ಕೇಳಿರದ ಮಾತು.

ಮೂರನೆಯದು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. 'ಪರಿಸರದ ಕತೆ' ಓದಿದ ಹುಡುಗನೊಬ್ಬ ಮೊದಲ ಚೀಟಿಯಲ್ಲಿ, ಯಾರು ಓದಿದರೂ ನಕ್ಕು ನಕ್ಕು ಸಾಕಾಗುತ್ತದೆ ಎಂದು ಬರೆದಿದ್ದ. ಅವನ ಗೆಳೆಯ ಆ ಮಾತು ನಂಬಿ ಪುಸ್ತಕ ಒಯ್ದು, ಎರಡೇ ದಿನಕ್ಕೆ ತಂದು ಮೇಜಿನ ಮೇಲೆ ಹಾಕಿದ. ನಗು ಬರಲಿಲ್ಲವಂತೆ. ಇಬ್ಬರಿಗೂ ಅರ್ಧ ಗಂಟೆ ಜಗಳವಾಯಿತು. ಮರುದಿನ ಹಳೆಯ ಚೀಟಿ ಹೋಗಿ ಹೊಸದು ಬಂತು: ನಾಯಿ ಸಾಕಿದವರಿಗೆ, ತೋಟ ಗದ್ದೆ ತಿರುಗುವವರಿಗೆ ಮಾತ್ರ. ತನ್ನ ತೀರ್ಪನ್ನು ಇನ್ನೊಬ್ಬರ ಓದಿನೆದುರು ಇಟ್ಟು, ಪೆಟ್ಟು ತಿಂದು, ತಿದ್ದಿಕೊಂಡದ್ದು ಇದು. ನಮ್ಮ ಹೊತ್ತಿನ ಎಷ್ಟು ವಿಮರ್ಶಕರಿಗೆ ಈ ಅವಕಾಶ ಸಿಗುತ್ತದೆ? ಹೊಗಳಿದ ಪುಸ್ತಕವನ್ನು ಕೊಂಡ ಓದುಗರು ಮಾರನೆಯ ದಿನ ಮನೆಗೆ ಬಂದು ಜಗಳವಾಡುವುದಿಲ್ಲ.

ಕನ್ನಡದಲ್ಲಿ ಮುನ್ನುಡಿಯ ಸಂಪ್ರದಾಯ ದೊಡ್ಡದು. ಹಿರಿಯರೊಬ್ಬರು ಕಿರಿಯರ ಪುಸ್ತಕಕ್ಕೆ ನಾಲ್ಕು ಮಾತು ಬರೆದು ಬೆನ್ನು ತಟ್ಟುತ್ತಾರೆ. ಬರೆದವರಿಗೂ ಬರೆಸಿಕೊಂಡವರಿಗೂ ಇರುವ ಸಂಬಂಧ ಅದರಲ್ಲಿ ಚೆನ್ನಾಗಿ ಕಾಣುತ್ತದೆ, ಓದುವವರು ಮಾತ್ರ ಕಾಣುವುದಿಲ್ಲ. ಪುಸ್ತಕ ಬಿಡುಗಡೆಯ ಭಾಷಣ, ಫೇಸ್‌ಬುಕ್ಕಿನ ಅಭಿನಂದನೆ, ವಿಶ್ವವಿದ್ಯಾಲಯದ ವಿಚಾರಸಂಕಿರಣ ಎಲ್ಲವೂ ಲೇಖಕರ ಕಡೆಗೋ ಸಹೋದ್ಯೋಗಿಗಳ ಕಡೆಗೋ ಮುಖ ಮಾಡಿ ನಿಂತಿವೆ. ಮಕ್ಕಳ ಚೀಟಿ ಮುಖ ಮಾಡಿರುವುದು ಓದುವವರ ಕಡೆಗೆ. ಲೇಖಕರು ಬದುಕಿದ್ದಾರೋ ಇಲ್ಲವೋ ಎಂಬುದೂ ಆ ಮಕ್ಕಳಿಗೆ ಗೊತ್ತಿಲ್ಲ. ಕೊಟ್ಟ ಪುಸ್ತಕ ಸಪ್ಪೆಯಾದರೆ ಹೋಗುವುದು ಅವರದೇ ಮರ್ಯಾದೆ.

ಹಾಗೆಂದು ಈ ಚೀಟಿಗಳನ್ನು ಮುದ್ದು ಮಾಡಿ ಬಿಟ್ಟುಬಿಟ್ಟರೆ ಅದೂ ಅನ್ಯಾಯವೇ. ಅವುಗಳ ಮಿತಿ ಎರಡು ಬಗೆಯದು. ಮೊದಲನೆಯದು, ಗೋಡೆ ಸಾರ್ವಜನಿಕ ಜಾಗ. ಅಲ್ಲಿ ತೂಗಿದ ಚೀಟಿಗಳಲ್ಲಿ ಪ್ರೀತಿ ಪ್ರೇಮದ ಒಂದೇ ಒಂದು ಕತೆ ಇರಲಿಲ್ಲ. ಹತ್ತನೆಯ ತರಗತಿಯ ಹುಡುಗಿಯರು ಅಮ್ಮನ ಮೊಬೈಲಿನಲ್ಲಿ 'ಪ್ರತಿಲಿಪಿ'ಯ ಧಾರಾವಾಹಿಗಳನ್ನು ಓದುತ್ತಾರೆಂದು ಅವರ ಮಾತಿನಿಂದಲೇ ನನಗೆ ತಿಳಿಯಿತು. ತಮ್ಮೊಳಗೆ ಅದನ್ನು ಪಿಸುದನಿಯಲ್ಲಿ ಶಿಫಾರಸು ಮಾಡಿಕೊಳ್ಳುತ್ತಿದ್ದರು, ಚೀಟಿಯಲ್ಲಿ ಬರೆಯುತ್ತಿರಲಿಲ್ಲ. ಸಂಜೆ ಅಪ್ಪನೋ ಪಂಚಾಯಿತಿ ಸದಸ್ಯರೋ ಬಂದು ಗೋಡೆ ನೋಡುವ ಊರಿನಲ್ಲಿ ಹುಡುಗಿ ತನ್ನ ನಿಜವಾದ ಓದನ್ನು ದಾರಕ್ಕೆ ನೇತುಹಾಕುವುದು ಹೇಗೆ? 'ಬೇಡ' ಎನ್ನುವ ಚೀಟಿಗೂ ಅಲ್ಲಿ ಜಾಗವಿರಲಿಲ್ಲ. ಮಹಾತ್ಮರೊಬ್ಬರ ಜೀವನ ಚರಿತ್ರೆ ಪಾಠದ ಪುಸ್ತಕದ ಹಾಗಿದೆ, ಪರೀಕ್ಷೆಗಾದರೆ ಮಾತ್ರ ಓದಿ ಎಂದು ಬರೆದ ಚೀಟಿಯೊಂದನ್ನು ಭೇಟಿಗೆ ಬಂದ ಹಿರಿಯರೊಬ್ಬರು ಕಳಚಿ ಜೇಬಿಗಿಟ್ಟುಕೊಂಡರು. ಬೇಡ ಎನ್ನುವ ಹಕ್ಕಿಲ್ಲದ ಕಡೆ ಬೇಕು ಎನ್ನುವುದಕ್ಕೂ ತೂಕವಿರುವುದಿಲ್ಲ.

ಎರಡನೆಯ ಮಿತಿ ಕಪಾಟಿನದು. ಇಲ್ಲದ ಪುಸ್ತಕವನ್ನು ಯಾರೂ ಶಿಫಾರಸು ಮಾಡಲಾರರು. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು, ಮಹಾಪುರುಷರ ಚರಿತ್ರೆಗಳು, ಪುಟ್ಟ ಮಕ್ಕಳ ಚಿತ್ರಪುಸ್ತಕಗಳು ಸಾಕಷ್ಟಿದ್ದವು. ಅನುಪಮಾ ನಿರಂಜನರ 'ದಿನಕ್ಕೊಂದು ಕಥೆ'ಯ ಕೆಲವು ಸಂಪುಟಗಳೂ ಇದ್ದವು. ಅದನ್ನು ಒಬ್ಬಳು ತಂಗಿಯನ್ನು ಮಲಗಿಸಬೇಕಾದ ಅಕ್ಕಂದಿರಿಗೆ ಕೊಟ್ಟಿದ್ದಳು. ಆದರೆ ಹನ್ನೆರಡರಿಂದ ಹದಿನಾರರವರೆಗಿನ ವಯಸ್ಸಿಗೆಂದೇ ನಾವು ಬರೆದದ್ದು ಕಡಿಮೆ, ಬರೆದದ್ದು ಊರು ತಲುಪಿದ್ದು ಇನ್ನೂ ಕಡಿಮೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. 2021ರಲ್ಲಿ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ'ನಿಗೆ, 2023ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'ಗೆ ಅದು ಬಂತು. ನಾನು ಹೋದ ಗ್ರಂಥಾಲಯದಲ್ಲಿ ಈ ಎರಡೂ ಇರಲಿಲ್ಲ. ಹೀಗಾಗಿ ದೊಡ್ಡ ಮಕ್ಕಳ ಚೀಟಿಗಳಲ್ಲಿ ಮತ್ತೆ ಮತ್ತೆ ಬಂದ ಹೆಸರು ತೇಜಸ್ವಿ. ಒಬ್ಬ ಲೇಖಕ ಇಷ್ಟು ಮಕ್ಕಳ ಕೈ ಹಿಡಿದಿರುವುದು ಸಂತೋಷದ ವಿಷಯವೇ. ಆದರೆ ಚಂದಮಾಮದ ವಯಸ್ಸು ದಾಟಿದ ಹುಡುಗಿಯೊಬ್ಬಳು ತನ್ನ ಮನೆ, ತನ್ನ ಮೈ, ತನ್ನ ಸಿಟ್ಟಿನ ಬಗ್ಗೆ ಓದಬೇಕೆಂದರೆ ಆ ಕಪಾಟಿನಲ್ಲಿ ಅವಳಿಗೆ ಏನಿದೆ?

ಗ್ರಂಥಾಲಯಕ್ಕೆ ಯಾವ ಪುಸ್ತಕ ಬರಬೇಕೆಂದು ತೀರ್ಮಾನಿಸುವವರು ಬೇರೆಲ್ಲೋ ಕೂತಿರುತ್ತಾರೆ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಅದರ ಪ್ರಕಾರ ಆಸ್ತಿ ತೆರಿಗೆಯ ಜೊತೆ ಶೇ. 6ರಷ್ಟು ಗ್ರಂಥಾಲಯ ಕರವನ್ನು ಜನರೇ ಕಟ್ಟುತ್ತಾರೆ. ಸಗಟು ಖರೀದಿಯ ಪಟ್ಟಿ, ಆಯ್ಕೆ ಸಮಿತಿ, ಬಾಕಿ ಹಣ ಎಂದು ಪ್ರಕಾಶಕರೂ ಲೇಖಕರೂ ಆಗಾಗ ತಕರಾರು ತೆಗೆಯುವುದನ್ನು ನೀವು ಓದಿರುತ್ತೀರಿ. ಆ ಇಡೀ ಚರ್ಚೆಯಲ್ಲಿ ಎಲ್ಲೂ ಕೇಳಿಸದ ದನಿಯೆಂದರೆ ಪುಸ್ತಕ ಎರವಲು ಒಯ್ಯುವವರದು. ಓದುಗರಿಗೆ ತಮ್ಮ ಪುಸ್ತಕ ಸಿಗಬೇಕು, ಪುಸ್ತಕಕ್ಕೂ ತನ್ನ ಓದುಗರು ಸಿಗಬೇಕು ಎಂಬುದನ್ನು ಎಸ್. ಆರ್. ರಂಗನಾಥನ್ ಗ್ರಂಥಾಲಯ ಶಾಸ್ತ್ರದ ಮೂಲ ಸೂತ್ರಗಳಲ್ಲಿ ಸೇರಿಸಿದ್ದು 1931ರಲ್ಲಿ. ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. ಅಂಗೈಯಗಲದ ಚೀಟಿಯಲ್ಲಿ ಮಕ್ಕಳು ಮಾಡುತ್ತಿರುವುದು ಆ ಸೂತ್ರದ ಎರಡೂ ತುದಿಗಳನ್ನು ಕಟ್ಟುವ ಕೆಲಸ.

ಆದ್ದರಿಂದ ಬರುವ ಬೇಸಿಗೆಗೆ ಶಿಬಿರ ನಡೆಸುವ ಮೇಷ್ಟರುಗಳಿಗೆ, ಗ್ರಂಥಪಾಲಕರಿಗೆ, ಈ ಲೇಖನ ಓದುತ್ತಿರುವ ವಿದ್ಯಾರ್ಥಿಗಳಿಗೆ ಒಂದೆರಡು ಮಾತು. ಎಷ್ಟು ಪುಸ್ತಕ ಓದಿದರೆಂದು ಎಣಿಸುವುದನ್ನು ಬಿಡಿ; ಎಣಿಕೆ ಶುರುವಾದ ಕೂಡಲೇ ಮಕ್ಕಳು ತೆಳ್ಳಗಿನ ಪುಸ್ತಕ ಹುಡುಕುತ್ತಾರೆ. ಚೀಟಿಯನ್ನು ಗೋಡೆಯ ಮೇಲೆ ಪ್ರದರ್ಶನಕ್ಕಿಡುವ ಬದಲು ಮಡಚಿ ಪುಸ್ತಕದ ಒಳಗೇ ಇರಿಸಿ. ಆಗ ಅದನ್ನು ಓದುವವರು ಆ ಪುಸ್ತಕ ತೆರೆದವರು ಮಾತ್ರ. ಹೆಸರು ಬೇಡ, ತರಗತಿ ಸಾಕು. ಬೇಡ ಎನ್ನುವ ಚೀಟಿಯೂ ಅಲ್ಲೇ ಇರಲಿ. ವರ್ಷದ ಕೊನೆಗೆ ಆ ಚೀಟಿಗಳ ನಕಲನ್ನು, ಮಕ್ಕಳು ಕೇಳಿಯೂ ಸಿಗದ ಪುಸ್ತಕಗಳ ಪಟ್ಟಿಯ ಜೊತೆ, ಖರೀದಿ ತೀರ್ಮಾನಿಸುವವರ ಮೇಜಿಗೆ ಕಳಿಸಿ. ಅವರು ಓದುತ್ತಾರೋ ಇಲ್ಲವೋ, ಕಳಿಸುವುದಂತೂ ನಮ್ಮ ಕೈಯಲ್ಲಿದೆ.

ವಿಮರ್ಶೆ ಬರೆಯುವ ನಮಗೂ ಇದರಲ್ಲಿ ಪಾಠವಿದೆ. ಮುಂದಿನ ಸಲ ಪುಸ್ತಕವೊಂದರ ಬಗ್ಗೆ ಬರೆಯಲು ಕೂತಾಗ 'ಎಲ್ಲರೂ ಓದಲೇಬೇಕಾದ ಕೃತಿ' ಎಂಬ ವಾಕ್ಯ ಬೆರಳ ತುದಿಗೆ ಬಂದರೆ ಒಂದು ಕ್ಷಣ ತಡೆದು, ಅದನ್ನು ಒಯ್ದು ಕೊಡಬೇಕಾದ ಒಬ್ಬರ ಮುಖ ನೆನೆಸಿಕೊಂಡು ನೋಡಿ. ಯಾವ ಮುಖವೂ ನೆನಪಿಗೆ ಬಾರದಿದ್ದರೆ ಪುಸ್ತಕವನ್ನು ಇನ್ನೊಮ್ಮೆ ಓದುವುದು ಒಳ್ಳೆಯದು.